ಓಡುವ ನೋಟ, ತಿರುಗುವ ತಲೆ

ದೇಹ ನಿಂತಲ್ಲೇ ಇದ್ದು ಕಣ್ಣೆದುರಿನ ನೋಟ ಮಾತ್ರ ಚಲಿಸಿದಾಗ ಕೆಲವರಿಗೆ ತಲೆ ತಿರುಗುತ್ತದೆ, ಕಾಲ ಕೆಳಗಿನ ನೆಲ ಜಾರಿದಂತಾಗುತ್ತದೆ, ಹೊಟ್ಟೆ ತೊಳಸುತ್ತದೆ. ಇದು ದೃಶ್ಯಪ್ರೇರಿತ ತಲೆಸುತ್ತು. ಆಸ್ಪತ್ರೆಯ ಚೀಟಿಯಲ್ಲಿ ವಿಷುವಲ್ ವರ್ಟಿಗೋ ಎಂದು ಬರೆದಿರುತ್ತದೆ. ಹರಪನಹಳ್ಳಿ ತಾಲ್ಲೂಕಿನ ತೆಲಿಗಿಯಂಥ ಊರಿನಲ್ಲಿ ಇದನ್ನು ಕೆರಳಿಸುವ ನೋಟಗಳಿಗೆ ಕೊರತೆಯಿಲ್ಲ. ಸುಗ್ಗಿಯಲ್ಲಿ ಮೆಕ್ಕೆಜೋಳ ಹೇರಿಕೊಂಡು ಒಂದರ ಹಿಂದೊಂದು ಸಾಗುವ ಲಾರಿ, ಟ್ರ್ಯಾಕ್ಟರುಗಳು. ಸಂತೆಯಲ್ಲಿ ಎಡಕ್ಕೂ ಬಲಕ್ಕೂ ಸರಿದಾಡುವ ಜನ. ಹೊಸಪೇಟೆಯಿಂದ ಹಗರಿಬೊಮ್ಮನಹಳ್ಳಿ, ಕೊಟ್ಟೂರು, ಹರಪನಹಳ್ಳಿ, ತೆಲಿಗಿ ದಾಟಿ ಹರಿಹರಕ್ಕೆ ಹೋಗುವ ರೈಲಿನ ಕಿಟಕಿಯಾಚೆ ಹಿಂದಕ್ಕೋಡುವ ಹೊಲಗಳು. ಕೊಟ್ಟೂರಿನ ತೇರಿನ ದಿನದ ನೂಕುನುಗ್ಗಲು. ಮೈಲಾರದ ಜಾತ್ರೆಯಲ್ಲಿ ಸುತ್ತುವ ತೊಟ್ಟಿಲು ಮತ್ತು ಮಿನುಗುವ ಸೀರಿಯಲ್ ಸೆಟ್ಟು. ಇವೆಲ್ಲಕ್ಕಿಂತ ಹೆಚ್ಚಾಗಿ, ಬೆರಳಿನಿಂದ ಸರಸರನೆ ಮೇಲಕ್ಕೆ ತಳ್ಳುವ ಮೊಬೈಲ್ ಪರದೆ. ಈ ತೊಂದರೆ ಇರುವವರಿಗೆ ಇವುಗಳ ಎದುರು ಐದು ನಿಮಿಷ ನಿಲ್ಲುವುದೂ ಕಷ್ಟ.

ಇಂಥವರ ಬಿಪಿ ಸರಿಯಿರುತ್ತದೆ, ರಕ್ತಪರೀಕ್ಷೆ ಸರಿಯಿರುತ್ತದೆ, ತಲೆಯ ಸ್ಕ್ಯಾನಿಂಗಿನಲ್ಲೂ ಏನೂ ಕಾಣುವುದಿಲ್ಲ. ಹಾಗಾಗಿ ಮನೆಯವರು ‘ಪಿತ್ತ ಆಗೈತಿ’ ಎಂದು ಸುಮ್ಮನಾಗುತ್ತಾರೆ, ಇಲ್ಲವೇ ಅಂಜುಬುರುಕತನ ಎಂದುಕೊಳ್ಳುತ್ತಾರೆ. ಎರಡೂ ತಪ್ಪು. ತೊಂದರೆ ನಿಜವಾದದ್ದು, ಅದು ಹುಟ್ಟುವ ಬಗೆ ಬಹುಮಟ್ಟಿಗೆ ತಿಳಿದಿದೆ, ಮನೆಯಲ್ಲೇ ಮಾಡಬಹುದಾದ ವ್ಯಾಯಾಮಗಳಿಂದ ಅದನ್ನು ಸಾಕಷ್ಟು ತಗ್ಗಿಸಲೂ ಬಹುದು. ಆದರೆ ಯಾವ ವ್ಯಾಯಾಮ, ಎಷ್ಟು, ಯಾವಾಗ ನಿಲ್ಲಿಸಬೇಕು ಎಂಬುದು ಗೊತ್ತಾಗಬೇಕಾದರೆ ಮಿದುಳು ಸಮತೋಲನ ಕಾಯುವ ರೀತಿಯನ್ನು ಮೊದಲು ಅರಿಯಬೇಕು.

ಸಮತೋಲನದ ಮೂರು ಮೂಲಗಳು

ದೇಹ ನೆಟ್ಟಗಿದೆಯೇ, ಚಲಿಸುತ್ತಿದೆಯೇ ಎಂಬುದನ್ನು ಮಿದುಳು ಮೂರು ಕಡೆಯಿಂದ ತಿಳಿಯುತ್ತದೆ. ಮೊದಲನೆಯದು ಒಳಕಿವಿ. ಪ್ರತಿ ಕಿವಿಯ ಆಳದಲ್ಲಿ ದ್ರವ ತುಂಬಿದ ಮೂರು ಅರ್ಧವೃತ್ತಾಕಾರದ ನಾಳಗಳಿವೆ. ತಲೆ ತಿರುಗಿಸಿದ್ದನ್ನು ಅವು ಗುರುತಿಸುತ್ತವೆ. ಅವುಗಳ ಪಕ್ಕದಲ್ಲಿರುವ ಎರಡು ಪುಟ್ಟ ಚೀಲಗಳಲ್ಲಿ ಸುಣ್ಣದ ಹರಳುಗಳಿದ್ದು, ತಲೆ ವಾಲಿದ್ದನ್ನೂ ನೇರವಾಗಿ ಮುಂದೆ ಹಿಂದೆ ಸರಿದದ್ದನ್ನೂ ಅವು ಹೇಳುತ್ತವೆ. ಎರಡನೆಯದು ಪಾದ, ಕೀಲು, ಕತ್ತಿನ ಸ್ನಾಯುಗಳಿಂದ ಬರುವ ಸುದ್ದಿ. ಮೂರನೆಯದು ಕಣ್ಣು.

ಒಳಕಿವಿಗೆ ಒಂದು ಮಿತಿಯಿದೆ. ಅದು ಚಲನೆಯ ಬದಲಾವಣೆಯನ್ನು ಹೇಳುತ್ತದೆಯೇ ಹೊರತು ಒಂದೇ ವೇಗದ ಚಲನೆಯನ್ನಲ್ಲ. ರೈಲು ಹೊರಡುವಾಗಿನ ಎಳೆತ ಒಳಕಿವಿಗೆ ಗೊತ್ತಾಗುತ್ತದೆ. ಸಮವೇಗಕ್ಕೆ ಬಂದು ಸ್ವಲ್ಪ ಹೊತ್ತಾದ ಮೇಲೆ ಅದು ಮೌನವಾಗುತ್ತದೆ. ಆಗ ಪ್ರಯಾಣ ಮುಂದುವರಿದಿದೆ ಎಂಬುದಕ್ಕೆ ಮುಖ್ಯ ಆಧಾರ ಕಿಟಕಿಯಾಚೆ ಓಡುವ ಹೊಲಗಳೇ. ಆದ್ದರಿಂದ ಕಣ್ಣಿನ ಅಂಚಿನವರೆಗೂ ನೋಟವೆಲ್ಲ ಒಂದೇ ದಿಕ್ಕಿಗೆ ಸರಿದರೆ, ಸರಿಯುತ್ತಿರುವುದು ದೇಹವೇ ಎಂದು ಮಿದುಳು ತೀರ್ಮಾನಿಸುತ್ತದೆ. ಬಹಳ ಸಲ ಆ ತೀರ್ಮಾನ ಸರಿ. ಹರಿಹರ ನಿಲ್ದಾಣದಲ್ಲಿ ನಿಂತ ರೈಲಿನೊಳಗೆ ಕುಳಿತಿರುವಾಗ ಪಕ್ಕದ ಹಳಿಯ ಗಾಡಿ ಹೊರಟರೆ ಮಾತ್ರ ಅದೇ ತೀರ್ಮಾನ ತಪ್ಪಾಗುತ್ತದೆ: ತಮ್ಮ ರೈಲೇ ಹಿಂದಕ್ಕೆ ಹೊರಟಂತೆ ಎಲ್ಲರಿಗೂ ಅನಿಸುತ್ತದೆ.

ಈ ಭ್ರಮೆಯನ್ನು 19ನೇ ಶತಮಾನದಲ್ಲೇ ಭೌತವಿಜ್ಞಾನಿ ಅರ್ನ್ಸ್ಟ್ ಮಾಖ್ ಸ್ಪಷ್ಟವಾಗಿ ವಿವರಿಸಿದ್ದ. ಸೇತುವೆಯ ಮೇಲೆ ನಿಂತು ಹರಿಯುವ ನೀರನ್ನು ಬಹಳ ಹೊತ್ತು ನೋಡಿದರೆ, ಒಂದು ಗಳಿಗೆಯಲ್ಲಿ ನೀರು ನಿಂತುಬಿಡುತ್ತದೆ, ಸೇತುವೆಯೇ ಎದುರು ದಿಕ್ಕಿಗೆ ಸಾಗತೊಡಗುತ್ತದೆ ಎಂದು ಅವನು ಬರೆದ. ಮಳೆಗಾಲದಲ್ಲಿ ತುಂಗಭದ್ರೆಯ ಸೇತುವೆಯ ಮೇಲೆ ನಿಂತು ಕೆಳಗೆ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹೊಳೆಗಿಳಿದವರ ಅನುಭವವೂ ಇದೇ. ಮೊಣಕಾಲುದ್ದದ ನೀರಿನಲ್ಲಿ ನಿಂತು ಕಾಲ ಬಳಿಯ ಹರಿವನ್ನೇ ದಿಟ್ಟಿಸುವವರು ತೂರಾಡುತ್ತಾರೆ. ಆಚೆ ದಡದ ಮರದ ಮೇಲೆ ಕಣ್ಣಿಟ್ಟವರು ನೆಟ್ಟಗೆ ದಾಟುತ್ತಾರೆ. ದಡವನ್ನು ನೋಡಿ ದಾಟು ಎಂಬ ಹಿರಿಯರ ಮಾತಿನಲ್ಲಿ ಶರೀರಶಾಸ್ತ್ರವಿದೆ.

1973ರಲ್ಲಿ ಜರ್ಮನಿಯ ಥಾಮಸ್ ಬ್ರಾಂಟ್, ಯೋಹಾನೆಸ್ ಡಿಖ್‌ಗಾನ್ಸ್ ಮತ್ತು ಸಂಗಡಿಗರು ಇದನ್ನು ಪ್ರಯೋಗಕ್ಕೆ ತಂದರು. ಒಳಮೈಗೆ ಪಟ್ಟೆ ಬಳಿದ ದೊಡ್ಡ ಉರುಳೆಯೊಂದರ ನಡುವೆ ಜನರನ್ನು ಕೂರಿಸಿ, ಉರುಳೆಯನ್ನು ಮಾತ್ರ ತಿರುಗಿಸಿದರು. ಮೊದಲು ಪಟ್ಟೆಗಳು ಓಡಿದಂತೆ ಕಂಡಿತು. ಕೆಲವು ಸೆಕೆಂಡು ಕಳೆಯುತ್ತಲೇ ಪಟ್ಟೆ ನಿಂತಂತೆಯೂ ತಾವೇ ತಿರುಗುತ್ತಿರುವಂತೆಯೂ ಅನಿಸಿತು. ಈ ಭ್ರಮೆಗೆ ನೋಟದ ನಡುಭಾಗಕ್ಕಿಂತ ಅಂಚಿನ ಭಾಗವೇ ಹೆಚ್ಚು ಕಾರಣ ಎಂಬುದೂ ಅಲ್ಲೇ ಗೊತ್ತಾಯಿತು. ಜನಜಂಗುಳಿ ಸುತ್ತುವರಿದಾಗ ಆಗುವ ಹಿಂಸೆ ದೂರದಿಂದ ಅದೇ ಜಂಗುಳಿಯನ್ನು ನೋಡುವಾಗ ಆಗದಿರುವುದು ಇದಕ್ಕೇ. ಬ್ರಾಂಟ್ ತಂಡ 1998ರಲ್ಲಿ ಪ್ರಕಟಿಸಿದ ಮಿದುಳಿನ ಚಿತ್ರಗಳು ಇನ್ನೊಂದು ಸಂಗತಿಯನ್ನು ತೋರಿಸಿದವು: ಇಂಥ ಭ್ರಮೆಯ ಹೊತ್ತಿನಲ್ಲಿ ದೃಷ್ಟಿಯ ಭಾಗಗಳು ಚುರುಕಾಗುತ್ತವೆ, ಒಳಕಿವಿಯ ಸುದ್ದಿಯನ್ನು ನಿಭಾಯಿಸುವ ಭಾಗ ಮಂದವಾಗುತ್ತದೆ. ಎರಡು ಸುದ್ದಿಗಳು ಕೂಡದಿದ್ದಾಗ ಮಿದುಳು ಒಂದನ್ನು ತಗ್ಗಿಸಿ ಇನ್ನೊಂದನ್ನು ನಂಬುತ್ತದೆ.

ಹೀಗೆ ಯಾವುದನ್ನು ಎಷ್ಟು ನಂಬಬೇಕೆಂಬುದು ವಯಸ್ಸಿನೊಂದಿಗೆ ಬದಲಾಗುತ್ತದೆ. 1970ರ ದಶಕದಲ್ಲಿ ಎಡಿನ್‌ಬರೋದಲ್ಲಿ ಡೇವಿಡ್ ಲೀ ಎಂಬ ವಿಜ್ಞಾನಿ ಗೋಡೆಗಳು ಮಾತ್ರ ಸರಿಯುವ, ನೆಲ ಅಲುಗದ ಕೋಣೆಯೊಂದನ್ನು ಮಾಡಿಸಿದ. ಗೋಡೆ ತುಸು ಸರಿದರೆ ಸಾಕು, ಆಗಷ್ಟೇ ನಿಲ್ಲಲು ಕಲಿತ ಕೂಸುಗಳು ತೂಗಾಡಿ ಬೀಳುತ್ತಿದ್ದವು. ದೊಡ್ಡವರು ಸ್ವಲ್ಪ ವಾಲಿ ಸಾವರಿಸಿಕೊಳ್ಳುತ್ತಿದ್ದರು. ಕಣ್ಣನ್ನು ತೀರಾ ನಂಬಬಾರದೆಂದು ದೊಡ್ಡವರ ಮಿದುಳು ವರ್ಷಗಟ್ಟಲೆ ನಡೆದಾಡಿ ಕಲಿತಿರುತ್ತದೆ. ಕಲಿತದ್ದು ಒಮ್ಮೆ ಹಿಮ್ಮೆಟ್ಟಿದರೂ ಅದನ್ನು ಮತ್ತೆ ಕಲಿಸಬಹುದು ಎಂಬುದೇ ಮುಂದೆ ಹೇಳುವ ಎಲ್ಲ ವ್ಯಾಯಾಮಗಳ ಆಧಾರ.

ತೊಂದರೆ ಶುರುವಾಗುವ ಬಗೆ

ಬಹುಪಾಲು ರೋಗಿಗಳ ಕಥೆಯಲ್ಲಿ ಮೊದಲೊಂದು ಘಟನೆಯಿರುತ್ತದೆ. ವೈರಸ್ ಸೋಂಕಿನಿಂದ ಒಂದು ಕಡೆಯ ಒಳಕಿವಿಯ ನರ ಬಾತು ಎರಡು ಮೂರು ದಿನ ಲೋಕವೇ ಗಿರಗಿರ ತಿರುಗಿರಬಹುದು, ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾಗಿರಬಹುದು, ಮೈಗ್ರೇನ್ ಇರಬಹುದು, ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದಾಗ ಬರುವ ತಲೆಸುತ್ತು ಕೆಲಕಾಲ ಕಾಡಿರಬಹುದು. ಒಳಕಿವಿಯ ಸುದ್ದಿ ಆಗ ನಂಬಲರ್ಹವಲ್ಲದ್ದರಿಂದ ಮಿದುಳು ಕಣ್ಣಿಗೆ ಜೋತುಬೀಳುತ್ತದೆ. ಆ ಹೊತ್ತಿಗೆ ಅದು ಸರಿಯಾದ ಉಪಾಯವೇ. ಕಾಲು ಮುರಿದವನು ಮೂಳೆ ಕೂಡಿದ ಮೇಲೂ ಊರುಗೋಲು ಬಿಡದಿದ್ದರೆ ಹೇಗೋ, ಒಳಕಿವಿ ಚೇತರಿಸಿಕೊಂಡ ಮೇಲೂ ಮಿದುಳು ಕಣ್ಣನ್ನು ಬಿಡದಿದ್ದರೆ ಹಾಗೆ. ಊರುಗೋಲಾದ ನೋಟವೇ ಓಡತೊಡಗಿದಾಗ ದೇಹಕ್ಕೆ ಆಧಾರ ತಪ್ಪುತ್ತದೆ.

ಎರಡನೆಯ ಹಂತ ಇನ್ನೂ ಕೆಟ್ಟದ್ದು. ಒಮ್ಮೆ ಸಂತೆಯಲ್ಲಿ ತಲೆ ತಿರುಗಿದ ಮೇಲೆ ಸಂತೆಗೆ ಹೋಗುವುದು ನಿಲ್ಲುತ್ತದೆ. ಬಸ್ಸಿನಲ್ಲಿ ಕಣ್ಣು ಮುಚ್ಚಿ ಕೂರುವುದು ರೂಢಿಯಾಗುತ್ತದೆ. ನಡೆಯುವಾಗ ತಲೆ ಅಲುಗದಂತೆ ಕತ್ತು ಬಿಗಿಹಿಡಿದು, ನೆಲ ನೋಡುತ್ತ, ಗೋಡೆ ಹಿಡಿದು ಸಾಗುತ್ತಾರೆ. ಮಿದುಳಿಗೆ ಮರುಕಲಿಕೆಗೆ ಬೇಕಾದ್ದು ಚಲನೆ. ಸಿಗುವುದು ಅದರ ಅಭಾವ. ತಿಂಗಳು ಕಳೆದಂತೆ ಸಣ್ಣ ಚಲನೆಯೂ ದೊಡ್ಡದಾಗಿ ತೋರುತ್ತದೆ. ಮೂರು ತಿಂಗಳಿಗೂ ಮೀರಿ ಹೆಚ್ಚುಕಡಿಮೆ ದಿನವೂ ತೂಗಾಟವಿದ್ದು, ನಿಂತಾಗ, ನಡೆದಾಡಿದಾಗ, ಚಲಿಸುವ ಅಥವಾ ಚಿತ್ತಾರ ತುಂಬಿದ ನೋಟಗಳ ಎದುರು ಅದು ಹೆಚ್ಚಾಗುವ ಸ್ಥಿತಿಗೆ ಸಮತೋಲನ ತಜ್ಞರ ಅಂತಾರಾಷ್ಟ್ರೀಯ ಸಂಘವಾದ ಬಾರಾನಿ ಸೊಸೈಟಿ 2017ರಲ್ಲಿ ಸ್ಪಷ್ಟ ಲಕ್ಷಣಪಟ್ಟಿಯೊಂದನ್ನು ಕೊಟ್ಟಿತು. ವೈದ್ಯರು ಅದನ್ನು ಪಿಪಿಪಿಡಿ ಎಂದು ಕರೆಯುತ್ತಾರೆ. ದೃಶ್ಯಪ್ರೇರಿತ ತಲೆಸುತ್ತು ಅದರ ಒಂದು ಮುಖ್ಯ ಅಂಗ. ಸಂಘಕ್ಕೆ ಹೆಸರು ಕೊಟ್ಟ ರಾಬರ್ಟ್ ಬಾರಾನಿ ಒಳಕಿವಿಯ ಅಧ್ಯಯನಕ್ಕಾಗಿ 1914ರ ನೊಬೆಲ್ ಪಡೆದವನು. ಆ ಸುದ್ದಿ ತಲುಪಿದಾಗ ಅವನು ರಷ್ಯಾದಲ್ಲಿ ಯುದ್ಧಕೈದಿಯಾಗಿದ್ದ.

ವ್ಯಾಯಾಮದ ಹುಟ್ಟು

ತಲೆ ತಿರುಗುವವರನ್ನು ಮಲಗಿಸಬಾರದು, ಎಬ್ಬಿಸಿ ಓಡಾಡಿಸಬೇಕು ಎಂಬ ಅರಿವು ಎರಡನೇ ಮಹಾಯುದ್ಧದ ಕಾಲದ್ದು. ಲಂಡನ್ನಿನ ಕಿವಿತಜ್ಞ ಟೆರೆನ್ಸ್ ಕಾಥಾರ್ನ್ ಮತ್ತು ಭೌತಚಿಕಿತ್ಸೆಯ ವೈದ್ಯ ಕುಕ್ಸಿ ತಲೆಗೆ ಪೆಟ್ಟಾದ ಸೈನಿಕರನ್ನು ಗಮನಿಸಿದರು. ಬೇಗ ಎದ್ದು ಚಟುವಟಿಕೆಗೆ ತೊಡಗಿದವರು ಬೇಗ ಗುಣವಾಗುತ್ತಿದ್ದರು. ಅದನ್ನೇ ಹಂತಹಂತವಾದ ಕ್ರಮವಾಗಿಸಿದರು: ಮೊದಲು ಹಾಸಿಗೆಯಲ್ಲೇ ಕಣ್ಣಿನ ಚಲನೆ, ಆಮೇಲೆ ತಲೆಯ ಚಲನೆ, ಕುಳಿತು ಬಗ್ಗುವುದು, ನಿಂತು ಚೆಂಡನ್ನು ಕಣ್ಣಿನ ಮಟ್ಟಕ್ಕಿಂತ ಮೇಲೆ ಕೈಯಿಂದ ಕೈಗೆ ಎಸೆಯುವುದು, ಕಡೆಗೆ ಇಳಿಜಾರು ಹತ್ತಿಳಿಯುವುದು, ಗುರಿಯಿಟ್ಟು ಎಸೆಯುವ ಆಟಗಳು. ನಮ್ಮ ಲಗೋರಿಗೆ ಆ ಪಟ್ಟಿಯಲ್ಲಿ ಸಲೀಸಾಗಿ ಜಾಗ ಸಿಗುತ್ತಿತ್ತು. ಬಗ್ಗುವುದು, ಗುರಿಯಿಡುವುದು, ತಟ್ಟನೆ ತಿರುಗಿ ಓಡುವುದು ಎಲ್ಲವೂ ಅದರಲ್ಲಿದೆ.

ಆದರೆ ಈ ವ್ಯಾಯಾಮಗಳಿಂದಲೂ ಕೆಲವರ ತೊಂದರೆ ಪೂರ್ತಿ ಹೋಗುತ್ತಿರಲಿಲ್ಲ. ಲಂಡನ್ನಿನ ನರತಜ್ಞ ಅಡಾಲ್ಫೋ ಬ್ರಾನ್‌ಸ್ಟೈನ್ 1995ರಲ್ಲಿ ಇಂಥವರನ್ನು ಪ್ರತ್ಯೇಕವಾಗಿ ಗುರುತಿಸಿ, ಚಲಿಸುವ ನೋಟವೇ ಇವರಿಗೆ ಮುಳುವೆಂದು ತೋರಿಸಿದ. ಮುಳುವಾದ ನೋಟವನ್ನೇ ಅಳತೆಯಲ್ಲಿ ಕೊಟ್ಟರೆ ಹೇಗೆ? ಮರೂಸಾ ಪಾವ್ಲೂ ಮತ್ತು ಬ್ರಾನ್‌ಸ್ಟೈನ್ ಇದ್ದ ತಂಡ 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮಾಮೂಲಿ ವ್ಯಾಯಾಮದ ಜೊತೆಗೆ ಚಲಿಸುವ ಪಟ್ಟೆ, ಚುಕ್ಕಿಗಳ ನೋಟಕ್ಕೂ ಒಡ್ಡಿಕೊಂಡವರಲ್ಲಿ ದೃಶ್ಯಪ್ರೇರಿತ ತಲೆಸುತ್ತು ಹೆಚ್ಚು ತಗ್ಗಿತು. 2013ರಲ್ಲಿ ಅದೇ ಬಳಗ ಇನ್ನೂ ಸರಳ ದಾರಿಯನ್ನು ಪರೀಕ್ಷಿಸಿತು: ದುಬಾರಿ ಯಂತ್ರದ ಬದಲು ಡಿವಿಡಿ, ಮನೆಯ ಟಿವಿ. ಅದರಿಂದಲೂ ಪ್ರಯೋಜನವಾಯಿತು. ಆದರೆ ಮೇಲ್ವಿಚಾರಣೆಯಿಲ್ಲದೆ ಒಬ್ಬರೇ ಮಾಡಿದವರಲ್ಲಿ ನಡುವೆ ಕೈಬಿಟ್ಟವರು ಹೆಚ್ಚು. ಪೇಟೆಯ ಆಸ್ಪತ್ರೆ ದೂರವಿರುವ ಊರುಗಳ ಮಟ್ಟಿಗೆ ಇದು ಮಹತ್ವದ ಸಂಗತಿ. ಸಲಕರಣೆ ಅಗ್ಗದ್ದಾದರೂ ನಡೆಯುತ್ತದೆ; ‘ಇವತ್ತು ಮಾಡಿದ್ಯಾ?’ ಎಂದು ಕೇಳುವವರೊಬ್ಬರು ಬೇಕೇ ಬೇಕು.

ಶುರುಮಾಡುವ ಮೊದಲು

ತಲೆಸುತ್ತೆಲ್ಲ ಒಂದೇ ಅಲ್ಲ. ಎದ್ದು ನಿಂತಾಗ ಕಣ್ಣು ಕತ್ತಲಿಟ್ಟು ಬವಳಿ ಬರುವುದು ಸಾಮಾನ್ಯವಾಗಿ ರಕ್ತದೊತ್ತಡ, ರಕ್ತಹೀನತೆ, ಹೃದಯದ ಲಯಕ್ಕೆ ಸಂಬಂಧಿಸಿದ್ದು. ಅದಕ್ಕೆ ಈ ವ್ಯಾಯಾಮ ಮದ್ದಲ್ಲ. ಮಲಗುವಾಗ, ಏಳುವಾಗ, ಮಗ್ಗುಲಾಗುವಾಗ ಒಂದು ನಿಮಿಷದೊಳಗೆ ಬಂದುಹೋಗುವ ಸುತ್ತು ಒಳಕಿವಿಯ ಸುಣ್ಣದ ಹರಳು ನಾಳಕ್ಕೆ ಜಾರಿದ್ದರಿಂದ ಬರುವಂಥದ್ದು. ತಲೆಯನ್ನು ಕ್ರಮವಾಗಿ ಹೊರಳಿಸಿ ಹರಳನ್ನು ಜಾಗಕ್ಕೆ ಮರಳಿಸುವ ಎಪ್ಲಿ ವಿಧಾನದಿಂದ ಅದು ಹಲವರಲ್ಲಿ ಒಂದೆರಡು ಭೇಟಿಯಲ್ಲೇ ಹೋಗುತ್ತದೆ. ಅದನ್ನು ಮೊದಲು ಸರಿಪಡಿಸಿಕೊಳ್ಳದೆ ವಾರಗಟ್ಟಲೆ ನೋಟದ ವ್ಯಾಯಾಮ ಮಾಡುವುದು ವ್ಯರ್ಥ. ಹೊಸ ಕನ್ನಡಕ, ಅದರಲ್ಲೂ ದೂರ–ಹತ್ತಿರ ಎರಡಕ್ಕೂ ಒಂದೇ ಗಾಜಿರುವಂಥದ್ದು, ಮತ್ತು ಒಂದು ಕಣ್ಣಿಗಷ್ಟೇ ಆದ ಪೊರೆಯ ಶಸ್ತ್ರಚಿಕಿತ್ಸೆ ಕೂಡ ನೋಟ ತೇಲುವಂತೆ ಮಾಡಬಲ್ಲವು. ಕಣ್ಣಿನ ತಪಾಸಣೆ ಇದಕ್ಕಾಗಿ.

ಏಕಾಏಕಿ ಬಂದ ತಲೆಸುತ್ತಿನ ಜೊತೆಗೆ ಮಾತು ತೊದಲಿದರೆ, ಬಾಯಿ ಸೊಟ್ಟಗಾದರೆ, ಕೈಕಾಲು ಸೋತರೆ, ಒಂದು ವಸ್ತು ಎರಡಾಗಿ ಕಂಡರೆ, ಹಿಂದೆಂದೂ ಇಲ್ಲದ ತಲೆನೋವು ಬಂದರೆ, ಆಸರೆಯಿಲ್ಲದೆ ನಿಲ್ಲಲೇ ಆಗದಿದ್ದರೆ ಅದು ಪಾರ್ಶ್ವವಾಯುವಾಗಿರಬಹುದು. ಆಗ ಒಂದು ಗಂಟೆಯೂ ಕಾಯದೆ 108ಕ್ಕೆ ಕರೆಮಾಡಬೇಕು. ಒಂದು ಕಿವಿ ಹಠಾತ್ತನೆ ಕೇಳಿಸದಂತಾದರೂ ಅದೇ ದಿನ ಕಿವಿತಜ್ಞರನ್ನು ಕಾಣಬೇಕು.

ತೆಲಿಗಿ, ಹರಪನಹಳ್ಳಿ ಕಡೆಯವರಿಗೆ ದಾವಣಗೆರೆಯ ವೈದ್ಯಕೀಯ ಕಾಲೇಜುಗಳ ಕಿವಿ–ಮೂಗು–ಗಂಟಲು ವಿಭಾಗಗಳು ಹತ್ತಿರ. ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ ಕಡೆಯವರಿಗೆ ಬಳ್ಳಾರಿಯೂ ಆದೀತು. ಸಮತೋಲನದ ವಿಶೇಷ ಪರೀಕ್ಷೆಗಳು ಬೇಕಾದರೆ ಮೈಸೂರಿನಲ್ಲಿ 1965ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ, ನರದ ತೊಂದರೆಯ ಅನುಮಾನವಿದ್ದರೆ ಬೆಂಗಳೂರಿನ ನಿಮ್ಹಾನ್ಸ್ ಇವೆ.

ಅಳತೆಯ ನಿಯಮ

ವ್ಯಾಯಾಮಕ್ಕೆ ಕೂರುವ ಮುನ್ನ ತಲೆಸುತ್ತಿಗೆ ಸೊನ್ನೆಯಿಂದ ಹತ್ತರವರೆಗೆ ಒಂದು ಅಂಕ ಕೊಟ್ಟುಕೊಳ್ಳಬೇಕು. ಸೊನ್ನೆ ಎಂದರೆ ಏನೂ ಇಲ್ಲ, ಹತ್ತು ಎಂದರೆ ತಡೆಯಲಾರದಷ್ಟು. ವ್ಯಾಯಾಮದಿಂದ ಅಂಕ ಎರಡು ಮೂರರಷ್ಟು ಏರಬೇಕು, ಅದಕ್ಕಿಂತ ಹೆಚ್ಚಾಗಬಾರದು. ನಿಲ್ಲಿಸಿ ಕುಳಿತ ಮೇಲೆ ಹದಿನೈದು ಇಪ್ಪತ್ತು ನಿಮಿಷದಲ್ಲಿ ಮೊದಲಿನ ಅಂಕಕ್ಕೆ ಇಳಿಯಬೇಕು. ಏನೂ ಏರದಿದ್ದರೆ ಮಿದುಳಿಗೆ ಕಲಿಯುವ ಕಾರಣವೇ ಸಿಗಲಿಲ್ಲ. ಸಂಜೆಯವರೆಗೂ ಇಳಿಯದಿದ್ದರೆ ಅಳತೆ ಮೀರಿತು. ಮರುದಿನ ಅರ್ಧ ಹೊತ್ತು ಮಾಡಬೇಕೇ ಹೊರತು ಬಿಟ್ಟುಬಿಡಬಾರದು. ಇಡೀ ಚಿಕಿತ್ಸೆಯಲ್ಲಿ ಇದಕ್ಕಿಂತ ಮುಖ್ಯವಾದ ನಿಯಮ ಇನ್ನೊಂದಿಲ್ಲ. ಮಾಡಿದವರಲ್ಲಿ ಸೋತವರು ಬಹುತೇಕ ಮೊದಲ ವಾರವೇ ವಿಪರೀತ ಮಾಡಿ ಹೆದರಿದವರು, ಇಲ್ಲವೇ ತಲೆ ತಿರುಗಿತೆಂದು ಎರಡನೇ ದಿನವೇ ಬಿಟ್ಟವರು.

ಎಷ್ಟು ಮಾಡಬೇಕು? ಒಳಕಿವಿಯ ಶಕ್ತಿ ಕುಂದಿದವರಿಗಾಗಿ ಅಮೆರಿಕದ ಫಿಸಿಯೋಥೆರಪಿಸ್ಟರ ಸಂಘಟನೆ 2022ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿ, ಹಳೆಯ ತೊಂದರೆಗೆ ನೋಟ ನಿಲ್ಲಿಸುವ ವ್ಯಾಯಾಮವನ್ನು ದಿನಕ್ಕೆ ಒಟ್ಟು 20 ನಿಮಿಷವಾದರೂ, ನಾಲ್ಕರಿಂದ ಆರು ವಾರ ಮಾಡಬೇಕೆನ್ನುತ್ತದೆ. ಒಂದೇ ಸಲಕ್ಕಲ್ಲ; ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಹಂಚಿಕೊಂಡು. ಮೈಗ್ರೇನ್ ಇರುವವರು ಇದರ ಕಾಲುಭಾಗದಿಂದ ಆರಂಭಿಸಿದರೆ ಸಾಕು.

ಜಾಗ ಸುರಕ್ಷಿತವಾಗಿರಬೇಕು. ಪಡಸಾಲೆಯ ಮೂಲೆಯಲ್ಲಿ ಬೆನ್ನ ಹಿಂದೆ ಎರಡು ಗೋಡೆ, ಮುಂದೆ ಒಂದು ಗಟ್ಟಿ ಕುರ್ಚಿ ಇದ್ದರೆ ಬೀಳುವ ಭಯವಿಲ್ಲ. ಬಾವಿಕಟ್ಟೆ, ಮಾಳಿಗೆಯ ಅಂಚು, ರಾಶಿ ಮಾಡುವ ಯಂತ್ರದ ಬಳಿ ಇದನ್ನು ಮಾಡಕೂಡದು.

ಕ್ರಮವಾಗಿ ವ್ಯಾಯಾಮಗಳು

ಮೊದಲನೆಯದು ತಲೆ ಅಲುಗಿದರೂ ನೋಟ ನಿಲ್ಲುವಂತೆ ಮಾಡುವ ಅಭ್ಯಾಸ. ಒಂದು ರಟ್ಟಿನ ಮೇಲೆ ಹೆಬ್ಬೆರಳಿನಷ್ಟು ದೊಡ್ಡದಾಗಿ ‘ಅ’ ಬರೆದು, ಬರಿ ಗೋಡೆಯ ಮೇಲೆ ಕಣ್ಣಿನ ಮಟ್ಟದಲ್ಲಿ ಅಂಟಿಸಬೇಕು. ಒಂದು ಮಾರು ದೂರ ಕುಳಿತು, ಅಕ್ಷರದ ಮೇಲಿಂದ ಕಣ್ಣು ತೆಗೆಯದೆ, ‘ಬೇಡ’ ಎನ್ನುವಂತೆ ತಲೆಯನ್ನು ಅಡ್ಡಡ್ಡ ಆಡಿಸಬೇಕು. ಹೆಚ್ಚು ತಿರುಗಿಸಬೇಕಿಲ್ಲ, ಎರಡೂ ಕಡೆಗೆ 20 ಡಿಗ್ರಿ ಸಾಕು. ಅಕ್ಷರ ಮಸುಕಾಗದೆ, ಕುಣಿಯದೆ ಉಳಿಯುವಷ್ಟೇ ವೇಗ. ಅಕ್ಷರ ಕುಣಿದರೆ ವೇಗ ತಗ್ಗಿಸಬೇಕು. ಒಂದು ನಿಮಿಷವಾದ ಮೇಲೆ ವಿರಾಮ. ಅನಂತರ ‘ಹೌದು’ ಎನ್ನುವಂತೆ ಮೇಲೆ ಕೆಳಗೆ. ತಲೆ ತಿರುಗಿದಷ್ಟೇ ಕಣ್ಣು ಎದುರು ದಿಕ್ಕಿಗೆ ತಿರುಗುವ ಈ ಪ್ರತಿಕ್ರಿಯೆ ಒಳಕಿವಿಯಿಂದ ಕಣ್ಣಿನ ಸ್ನಾಯುವಿಗೆ ಸೆಕೆಂಡಿನ ನೂರನೇ ಒಂದು ಭಾಗದಷ್ಟು ಸಮಯದಲ್ಲಿ ತಲುಪುತ್ತದೆ. ಕಣ್ಣು ತಾನೇ ನೋಡಿ ಹಿಂಬಾಲಿಸುವುದಕ್ಕೆ ಅದರ ಹತ್ತುಪಟ್ಟು ಹೊತ್ತು ಬೇಕು. ಹಾಗಾಗಿ ಬೇಗಬೇಗ ತಲೆ ಆಡಿಸುವಾಗ ಕೆಲಸ ಮಾಡಲೇಬೇಕಾದ್ದು ಒಳಕಿವಿ. ನಂಬಿಕೆ ಕಳೆದುಕೊಂಡ ಅಂಗಕ್ಕೆ ಮತ್ತೆ ಕೆಲಸ ಕೊಡುವ ಉಪಾಯವಿದು.

ಬರಿ ಗೋಡೆ ಸಲೀಸಾದ ಮೇಲೆ ಅಕ್ಷರದ ಹಿಂದೆ ಪಟ್ಟಾಪಟ್ಟಿ ಜಮಖಾನವನ್ನೋ ಚೌಕುಳಿ ಸೀರೆಯನ್ನೋ ಅಗಲವಾಗಿ ತೂಗುಹಾಕಬೇಕು. ತಲೆ ಆಡಿಸುವಾಗ ಅಕ್ಷರದ ಹಿಂದಿನ ಪಟ್ಟೆಗಳು ಓಡಿದಂತೆ ಕಾಣಬಹುದು. ಸಣ್ಣ ಬದಲಾವಣೆಯಾದರೂ ಹಲವರಿಗೆ ಅಂಕ ತಟ್ಟನೆ ಏರುವುದು ಇಲ್ಲೇ. ಹೊತ್ತನ್ನು ಅರ್ಧ ನಿಮಿಷಕ್ಕಿಳಿಸಿ ಮತ್ತೆ ಮೇಲೇರಬೇಕು.

ಎರಡನೆಯದು ಚಲಿಸುವ ವಸ್ತುವನ್ನು ಹಿಂಬಾಲಿಸುವುದು. ಜಂತಿಗೋ ಬಾಗಿಲ ಚೌಕಟ್ಟಿಗೋ ಮೂರು ನಾಲ್ಕು ಅಡಿ ದಾರದಲ್ಲಿ ಒಂದು ನಿಂಬೆಹಣ್ಣು ಕಟ್ಟಿ ತೂಗಿಬಿಟ್ಟು, ತಲೆ ಅಲುಗಿಸದೆ ಕಣ್ಣಿನಲ್ಲೇ ಹಿಂಬಾಲಿಸಬೇಕು. ಆಮೇಲೆ ಕೈಯನ್ನು ಮುಂದೆ ಚಾಚಿ ಹೆಬ್ಬೆರಳು ನಿಲ್ಲಿಸಿ, ಹೆಬ್ಬೆರಳು, ತಲೆ, ಎದೆ ಮೂರೂ ಒಟ್ಟಿಗೆ ಎಡಕ್ಕೆ ಬಲಕ್ಕೆ ತಿರುಗುವಂತೆ ನಿಧಾನಕ್ಕೆ ಹೊರಳಬೇಕು. ಕಣ್ಣು ಹೆಬ್ಬೆರಳಿನ ಮೇಲೇ. ಹಿನ್ನೆಲೆಯಲ್ಲಿ ಮನೆಯೆಲ್ಲ ಓಡುತ್ತದೆ. ಕುಳಿತು, ಆಮೇಲೆ ನಿಂತು.

ಮೂರನೆಯದು ನಿಜವಾದ ಮದ್ದು: ನೋಟವನ್ನು ತುಂಬುವ ಚಲನೆ. ಇದಕ್ಕೆ ಮನೆಯಲ್ಲೇ ಸಿಗುವ ಅತ್ಯುತ್ತಮ ಸಲಕರಣೆ ಕೊಡೆ. ಕಪ್ಪು ಕೊಡೆಯ ಒಳಮೈಗೆ ಬಿಳಿ ಕಾಗದದ ಚುಕ್ಕಿಗಳನ್ನು ಒತ್ತೊತ್ತಾಗಿ ಅಂಟಿಸಿ, ಮನೆಯವರೊಬ್ಬರು ಅದರ ಒಳಭಾಗ ರೋಗಿಯ ಮುಖಕ್ಕೆದುರಾಗುವಂತೆ, ನೋಟ ತುಂಬುವಷ್ಟು ಹತ್ತಿರ ಹಿಡಿದು ಮೆಲ್ಲಗೆ ತಿರುಗಿಸಬೇಕು. ಕಡ್ಡಿಯ ಮೊನೆ ಮುಖಕ್ಕೆ ತಾಗದಷ್ಟು ದೂರವಿರಲಿ. ಮೊದಲು ಹದಿನೈದು ಸೆಕೆಂಡು ಒಂದು ದಿಕ್ಕಿಗೆ, ವಿರಾಮ, ಹದಿನೈದು ಸೆಕೆಂಡು ಇನ್ನೊಂದು ದಿಕ್ಕಿಗೆ. ಇಬ್ಬರು ಜಮಖಾನದ ಎರಡು ತುದಿ ಹಿಡಿದು ಎದುರಿನಿಂದ ಅಡ್ಡಡ್ಡ ಸರಿಸಿದರೂ ಆಗುತ್ತದೆ. ಮೊಬೈಲಿನಲ್ಲಿ ಚಲಿಸುವ ಪಟ್ಟೆಗಳ ವಿಡಿಯೋ, ರೈಲಿನ ಕಿಟಕಿಯಿಂದ ತೆಗೆದ ವಿಡಿಯೋ ಧಾರಾಳವಾಗಿ ಸಿಗುತ್ತವೆ. ಆದರೆ ಅಂಗೈಯಗಲದ ಪರದೆ ನೋಟದ ಅಂಚನ್ನು ಮುಟ್ಟುವುದಿಲ್ಲ. ಸಾಧ್ಯವಿದ್ದರೆ ಅದನ್ನು ಟಿವಿಗೆ ಜೋಡಿಸಿ, ಕೋಣೆಯ ದೀಪ ಆರಿಸಿ, ಹತ್ತಿರ ಕುಳಿತು ನೋಡುವುದು ಮೇಲು. ಅಪಸ್ಮಾರ ಇರುವವರು ಮಿನುಗುವ ವಿಡಿಯೋಗಳಿಂದ ದೂರವಿರಬೇಕು.

ನೋಡುವುದಷ್ಟೇ ಸಾಲದು. ಕಣ್ಣು ಒಂದು ಹೇಳುತ್ತಿರುವಾಗ ಪಾದ ಇನ್ನೊಂದು ಹೇಳಬೇಕು, ಮಿದುಳು ಪಾದದ ಮಾತು ಕೇಳಬೇಕು. ಅದಕ್ಕಾಗಿ ಅದೇ ನೋಟವನ್ನು ದಿನಗಳೆದಂತೆ ಬೇರೆ ಬೇರೆ ಭಂಗಿಯಲ್ಲಿ ಎದುರಿಸಬೇಕು. ಕುಳಿತು; ಕಾಲಗಲಿಸಿ ನಿಂತು; ಪಾದ ಜೋಡಿಸಿ ನಿಂತು; ಒಂದು ಪಾದದ ಮುಂದೆ ಇನ್ನೊಂದಿಟ್ಟು; ಮಡಿಸಿದ ಕೌದಿಯ ಮೇಲೆ; ನಿಂತಲ್ಲೇ ಹೆಜ್ಜೆಹಾಕುತ್ತ. ಬರಿಗಾಲಿನಲ್ಲಿ ಮಾಡಿದರೆ ಪಾದದ ಸುದ್ದಿ ಸ್ಪಷ್ಟವಾಗಿರುತ್ತದೆ. ಸಕ್ಕರೆ ಕಾಯಿಲೆಯಿಂದ ಪಾದ ಮರಗಟ್ಟಿದವರಿಗೆ ಕೌದಿಯ ಮೇಲಿನ ಹಂತ ಅಪಾಯಕಾರಿ. ಅವರು ಗಟ್ಟಿನೆಲ ಬಿಡದೆ, ಒಬ್ಬರ ಆಸರೆಯಲ್ಲೇ ಮಾಡಬೇಕು. ಒಂದು ಸಲಕ್ಕೆ ಒಂದನ್ನಷ್ಟೇ ಕಷ್ಟಗೊಳಿಸುವುದು ಒಳ್ಳೆಯದು: ಭಂಗಿ ಬದಲಿಸಿದ ದಿನ ಕೊಡೆಯ ವೇಗ ಹೆಚ್ಚಿಸಬಾರದು.

ಮನೆಯಿಂದ ಹೊರಗೆ

ಮೂರನೇ ನಾಲ್ಕನೇ ವಾರದ ಹೊತ್ತಿಗೆ ಊರೇ ವ್ಯಾಯಾಮದ ಜಾಗವಾಗಬೇಕು. ಕಾಡುವ ನೋಟಗಳನ್ನು ಒಂದು ಹಾಳೆಯಲ್ಲಿ ಬರೆದು ಪ್ರತಿಯೊಂದಕ್ಕೂ ಅಂಕ ಕೊಡಬೇಕು. ಕಡಿಮೆ ಅಂಕದ್ದರಿಂದ ಶುರು. ರಸ್ತೆಬದಿಯ ಅಂಗಡಿಯ ಕಟ್ಟೆಯ ಮೇಲೆ ಕುಳಿತು ವಾಹನ ನೋಡುವುದು ಸುಲಭ. ಅದೇ ಜಾಗದಲ್ಲಿ ನಿಂತು ನೋಡುವುದು ತುಸು ಕಷ್ಟ. ವಾಹನಗಳನ್ನು ನೋಡುತ್ತ ಅವುಗಳೆದುರು ನಡೆಯುವುದು ಇನ್ನೂ ಕಷ್ಟ. ಸಂತೆಗೆ ಮೊದಲು ಜನ ನೆರೆಯುವ ಮುನ್ನ, ಬೆಳಿಗ್ಗೆ ಹೋಗಬೇಕು. ಆಮೇಲೆ ಅಂಚಿನಲ್ಲಿ ಹತ್ತು ನಿಮಿಷ, ಕಡೆಗೆ ನಡುವೆ. ಯಾರ ಕೈಯನ್ನೂ ಹಿಡಿಯದೆ, ಆದರೆ ಜೊತೆಗೊಬ್ಬರಿರುವಂತೆ ಹೋಗುವುದು ಸರಿ. ತಲೆ ತಿರುಗತೊಡಗಿದರೆ ಕಣ್ಣು ಮುಚ್ಚುವ ಬದಲು ನಿಂತ ಕಂಬವೋ ಗೋಡೆಯೋ ಒಂದನ್ನು ನೋಡುತ್ತ, ಅಂಗಾಲು ನೆಲಕ್ಕೊತ್ತಿದ್ದನ್ನು ಗಮನಿಸುತ್ತ, ಉದ್ದುದ್ದ ಉಸಿರು ಬಿಡುತ್ತ ಒಂದು ನಿಮಿಷ ಕಾಯಬೇಕು.

ರೈಲು ಈ ಸೀಮೆಯವರಿಗೆ ದೊರೆತ ಒಳ್ಳೆಯ ಸಾಧನ. ಓಡುವ ಕಿಟಕಿಯಾಚೆ ನೋಡುವವರ ಕಣ್ಣುಗುಡ್ಡೆ ಒಂದು ಕಂಬವನ್ನು ಹಿಡಿದು ನಿಧಾನಕ್ಕೆ ಹಿಂದೆ ಸರಿದು, ತಟ್ಟನೆ ಮುಂದಕ್ಕೆ ಹಾರಿ ಮುಂದಿನ ಕಂಬ ಹಿಡಿಯುತ್ತದೆ. ಎದುರು ಕುಳಿತವರ ಕಣ್ಣನ್ನು ನೋಡಿದರೆ ಇದು ಸ್ಪಷ್ಟವಾಗಿ ಕಾಣುತ್ತದೆ. ಕಣ್ಣಿನ ಈ ಬಗೆಯ ಅದುರಾಟವನ್ನು ಪರ್ಕಿಂಜಿ ಎಂಬ ವಿಜ್ಞಾನಿ 1825ರಲ್ಲಿ, ಸಾಗುತ್ತಿದ್ದ ಕುದುರೆಪಡೆಯನ್ನು ನೋಡುತ್ತಿದ್ದ ಜನರಲ್ಲಿ ಗುರುತಿಸಿದ್ದ. ದೂರದ ಗುಡ್ಡ ನಿಧಾನ ಸರಿಯುತ್ತದೆ, ಹಳಿಯ ಪಕ್ಕದ ಕಂಬ, ಜಾಲಿಗಿಡಗಳು ರಪರಪನೆ ಹಾಯುತ್ತವೆ. ಆದ್ದರಿಂದ ಮೊದಲ ಪಯಣದಲ್ಲಿ ರೈಲು ಸಾಗುವ ದಿಕ್ಕಿಗೆ ಮುಖಮಾಡಿ ಕುಳಿತು ದೂರದ ಗುಡ್ಡವನ್ನು ನೋಡಬೇಕು. ರೂಢಿಯಾದಂತೆ ನೋಟವನ್ನು ಹತ್ತಿರದ ಹೊಲಕ್ಕೆ, ಕಡೆಗೆ ಹಳಿಯ ಬದಿಗೆ ತರಬೇಕು. ತೆಲಿಗಿಯಿಂದ ಹರಪನಹಳ್ಳಿಯವರೆಗಿನ ಸಣ್ಣ ಪಯಣ ಮೊದಲ ಅಳತೆಗೆ ಸಾಕಾಗುತ್ತದೆ.

ಪಟ್ಟಿಯ ಕಟ್ಟಕಡೆಗೆ ಬರಬೇಕಾದ್ದು ಜಾತ್ರೆ. ಮೈಲಾರದ ಜಾತ್ರೆಯಲ್ಲಿ ಕಾರಣಿಕದ ಭವಿಷ್ಯ ನುಡಿಯಲು ಬಿಲ್ಲನ್ನೇರಿದ ಗೊರವಯ್ಯನನ್ನು ನೋಡಲು ಕತ್ತೆತ್ತಬೇಕು. ತಲೆ ಹಿಂದಕ್ಕೆ ವಾಲಿದಾಗ ಒಳಕಿವಿಯ ಹರಳುಗಳು ರೂಢಿಯ ಸ್ಥಾನದಲ್ಲಿರುವುದಿಲ್ಲ, ಹಿಡಿದು ನಿಲ್ಲಲು ಹತ್ತಿರದ ನೋಟವಿರುವುದಿಲ್ಲ, ನಾಲ್ಕೂ ಕಡೆ ಜನ ತೂಗುತ್ತಿರುತ್ತಾರೆ. ಸಮತೋಲನಕ್ಕೆ ಇದಕ್ಕಿಂತ ಕಠಿಣ ಪರೀಕ್ಷೆ ಕಡಿಮೆ. ಮನೆಯಂಗಳದಲ್ಲಿ ನಿಂತು ತೆಂಗಿನ ಸುಳಿಯನ್ನು ನೋಡುತ್ತ ಅಭ್ಯಾಸ ಮಾಡಿಕೊಂಡವರು ಅಲ್ಲಿಗೆ ಹೋಗಬಹುದು.

ಅಡ್ಡಿಗಳು

ಮಾತ್ರೆಗಳ ವಿಷಯದಲ್ಲಿ ಎಚ್ಚರ ಬೇಕು. ತಲೆಸುತ್ತಿಗೆ ಕೊಡುವ ಸ್ಟೆಮೆಟಿಲ್, ಸಿನ್ನಾರಿಝಿನ್‌ನಂಥವು ಒಳಕಿವಿಯ ವ್ಯವಸ್ಥೆಯನ್ನು ಮಂಕಾಗಿಸುತ್ತವೆ. ತೀವ್ರ ಸುತ್ತಿನ ಮೊದಲೆರಡು ಮೂರು ದಿನ ಅವು ನೆರವಾಗುತ್ತವೆ. ತಿಂಗಳುಗಟ್ಟಲೆ ನುಂಗಿದರೆ ಮಿದುಳಿನ ಮರುಕಲಿಕೆಯನ್ನೇ ತಡೆಯುತ್ತವೆ. ಹಳೆಯ ಚೀಟಿ ತೋರಿಸಿ ಔಷಧದಂಗಡಿಯಲ್ಲಿ ಮತ್ತೆ ಮತ್ತೆ ಅದನ್ನೇ ಕೊಳ್ಳುವ ಪರಿಪಾಠ ಈ ರೋಗಿಗಳಿಗೆ ಬಹಳ ಹಾನಿ ಮಾಡಿದೆ. ಬಹುಕಾಲದಿಂದ ನುಂಗುತ್ತಿರುವವರು ತಾವಾಗಿ ನಿಲ್ಲಿಸದೆ ವೈದ್ಯರ ಸಲಹೆಯಂತೆ ಇಳಿಸಿಕೊಳ್ಳಬೇಕು.

ಭಯ ಇನ್ನೊಂದು ಅಡ್ಡಿ. ಬೀಳುತ್ತೇನೆಂಬ ಹೆದರಿಕೆ ಕತ್ತನ್ನೂ ಮೊಣಕಾಲನ್ನೂ ಬಿಗಿಗೊಳಿಸುತ್ತದೆ, ಬಿಗಿಯಾದ ದೇಹಕ್ಕೆ ತೂಗಾಟ ಹೆಚ್ಚೆನಿಸುತ್ತದೆ, ಆ ತೂಗಾಟ ಹೆದರಿಕೆಯನ್ನು ಹೆಚ್ಚಿಸುತ್ತದೆ. ಮೂರು ತಿಂಗಳು ಮೀರಿದ ತೊಂದರೆಯಲ್ಲಿ ವ್ಯಾಯಾಮದ ಜೊತೆಗೆ ಆಪ್ತಸಲಹೆಯನ್ನೂ, ಕೆಲವರಿಗೆ ಆತಂಕಕ್ಕೆ ಕೊಡುವ ಔಷಧವನ್ನೂ ವೈದ್ಯರು ಸೂಚಿಸುವುದು ಇದಕ್ಕೆ. ಮಾನಸಿಕ ತಜ್ಞರ ಬಳಿ ಕಳಿಸಿದರೆಂದು ನೊಂದುಕೊಳ್ಳಬೇಕಾಗಿಲ್ಲ. ನಿದ್ದೆಗೆಟ್ಟ, ಉಪವಾಸವಿದ್ದ ದಿನ ಅಂಕ ಏರಿಯೇ ಇರುತ್ತದೆ. ಅಂಥ ದಿನ ಅರ್ಧ ಅಳತೆ ಸಾಕು.

ಮೊದಲ ವಾರ ತಲೆಸುತ್ತು ತುಸು ಹೆಚ್ಚಾದಂತೆ ತೋರುವುದು ಸಹಜ. ಹಲವರಿಗೆ ಮೂರನೇ ವಾರದ ಹೊತ್ತಿಗೆ ಅದೇ ಕೊಡೆ, ಅದೇ ವೇಗಕ್ಕೆ ಕಡಿಮೆ ಅಂಕ ಬರತೊಡಗುತ್ತದೆ. ದಿನದಿನದ ಅಂಕವನ್ನು ಪುಸ್ತಕದಲ್ಲಿ ಬರೆದಿಟ್ಟಿದ್ದರೆ ಮಾತ್ರ ಈ ಬದಲಾವಣೆ ಗಮನಕ್ಕೆ ಬರುತ್ತದೆ. ಆರರಿಂದ ಎಂಟು ವಾರ ಕ್ರಮ ತಪ್ಪದೆ ಮಾಡಿಯೂ ಅಂಕ ಇಳಿಯದಿದ್ದರೆ ರೋಗನಿರ್ಣಯವನ್ನೇ ಮತ್ತೆ ಪರಿಶೀಲಿಸಬೇಕು. ಅಡಗಿದ ಮೈಗ್ರೇನ್ ಇದಕ್ಕೆ ಸಾಮಾನ್ಯ ಕಾರಣಗಳಲ್ಲೊಂದು. ಇಳಿದವರು ದಿನದ ವ್ಯಾಯಾಮವನ್ನು ವಾರಕ್ಕೆರಡು ಮೂರು ಸಲಕ್ಕೆ ತಗ್ಗಿಸಬಹುದು. ಜ್ವರ, ಹೆರಿಗೆ, ದೀರ್ಘ ಹಾಸಿಗೆವಾಸದ ನಂತರ ತೊಂದರೆ ಮತ್ತೆ ತಲೆಯೆತ್ತಿದರೆ ಬರಿ ಗೋಡೆಯ ಅಕ್ಷರದಿಂದ ಪುನಃ ಶುರುಮಾಡಬೇಕು. ಒಮ್ಮೆ ಕಲಿತ ಮಿದುಳು ಎರಡನೇ ಸಲ ಸಾಮಾನ್ಯವಾಗಿ ಬೇಗ ಹೊಂದಿಕೊಳ್ಳುತ್ತದೆ.